ಐದು ವರ್ಷದ ನಂತರ ನೀವು ಯಾವ ಮರದಲ್ಲಿರುತ್ತೀರಿ?

ನಮ್ಮ ಅಕ್ಕನ ಮಗನಿಗೆ ಬೆಂಗಳೂರಿನ ಜಾಹೀರಾತು ಕಂಪನಿಯೊಂದರಿಂದ ಸಂದರ್ಶನಕ್ಕೆ ಕರೆ ಬಂದದ್ದು ಆಷಾಢದಲ್ಲಿ. ಹುದ್ದೆಯ ಹೆಸರು ಓದಿ ಮುಗಿಸೋಕೆ ನಾನು ನಡುವೆ ಒಂದು ಸಲ ಉಸಿರು ಎಳೆದುಕೊಂಡೆ: ರೀಜನಲ್ ಕ್ರಿಯೇಟಿವ್ ಸ್ಟೋರಿಟೆಲ್ಲರ್, ಕನ್ನಡ. ಅಭ್ಯರ್ಥಿ ಫ್ರೆಶರ್ ಆಗಿರಬೇಕು, ಮೂರು ವರ್ಷ ಅನುಭವ ಕಡ್ಡಾಯ.

"ಮೂರು ಕರು ಹಾಕಿದ ಕಡಸು ಬೇಕು ಅಂತಾಯ್ತು" ಎಂದಳು ಅಕ್ಕ, ಕೊಟ್ಟಿಗೆಯಿಂದಲೇ.

ಹುಡುಗ ಶಿವಮೊಗ್ಗದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಈ ಕೆಲಸವನ್ನು ಹಗುರವಾಗಿ ನೋಡುವವರು ಒಂದು ಸಲ ಮುಖಂಡರ ಹುಟ್ಟುಹಬ್ಬದ ಬ್ಯಾನರ್ ಮಾಡಿ ನೋಡಬೇಕು. ಮೇಲೆ ರಾಷ್ಟ್ರ ನಾಯಕರು, ಅದರ ಕೆಳಗೆ ರಾಜ್ಯ, ಮಧ್ಯೆ ಕೂಲಿಂಗ್ ಗ್ಲಾಸ್ ಹಾಕಿದ ಹುಟ್ಟುಹಬ್ಬದವರು, ತಳದಲ್ಲಿ 'ಶುಭ ಕೋರುವವರು' ಎಂಬ ಸಾಲಿನಲ್ಲಿ ನಲವತ್ಮೂರು ತಲೆ. ಒಬ್ಬರ ತಲೆ ಪಕ್ಕದವರದ್ದಕ್ಕಿಂತ ಕಾಲಿಂಚು ದೊಡ್ಡದಾದರೆ ಸಂಜೆಯೊಳಗೆ ಅಂಗಡಿ ಮುಂದೆ ಎರಡು ಬೈಕು ಬಂದು ನಿಲ್ಲುತ್ತವೆ. ದೊಡ್ಡ ಡಿಸೈನ್ ಶಾಲೆಗಳಲ್ಲಿ ಇದಕ್ಕೆ ವಿಶುವಲ್ ಹೈರಾರ್ಕಿ ಎನ್ನುತ್ತಾರಂತೆ. ಅಲ್ಲಿ ತಪ್ಪಿದರೆ ಅಂಕ ಹೋಗುತ್ತದೆ, ಇಲ್ಲಿ ಗಾಜು ಹೋಗುತ್ತದೆ. ಮೂರು ವರ್ಷದಲ್ಲಿ ಆ ಅಂಗಡಿಯ ಗಾಜು ಒಂದೂ ಒಡೆದಿಲ್ಲ. ಆದರೆ ಇದನ್ನು ರೆಸ್ಯುಮೆಯಲ್ಲಿ ಹೇಗೆ ಬರೆಯುವುದು? ಫ್ಲೆಕ್ಸಿಗೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಇಲ್ಲದ ವಸ್ತುವಿನ ಮೇಲೆ ಮೂರು ವರ್ಷದ ಅನುಭವ!

ತಯಾರಿ ಶುರುವಾಯಿತು. ಯೂಟ್ಯೂಬಿನ ಪಂಡಿತರೊಬ್ಬರು ಪೋರ್ಟ್‌ಫೋಲಿಯೊದಲ್ಲಿ ಅತ್ಯುತ್ತಮವಾದದ್ದು ಮೊದಲು ಬರಲಿ ಎಂದಿದ್ದರು. ಅಡಿಕೆ ಬೆಳೆಗಾರರ ಮನೆಯಲ್ಲಿ ಇದನ್ನು ಹೇಳಿಕೊಡಬೇಕೆ? ಅಡಿಕೆಯ ದರ್ಜೆಗಳಂತೆ ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ಡಿಸೈನುಗಳನ್ನು ಆರಿಸಿ, ಚೀಲದ ಬಾಯಿಗೆ ಹಸ ಇಟ್ಟು, ಗೊರಬಲನ್ನು ತಳಕ್ಕೆ ತಳ್ಳಿದೆವು. ಅಡಿಕೆ ಮಂಡಿಯ ವ್ಯಾಪಾರಿಯಾದರೆ ತಳದವರೆಗೆ ಕೈ ಹಾಕಿ ನೋಡುತ್ತಾನೆ. ಇವರು ಚೀಲದ ಬಾಯನ್ನೂ ಬಿಚ್ಚಲಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ಯಾಕೆಂದರೆ ಅವರಿಗೆ ಬೇಕಾಗಿದ್ದದ್ದು ಡಿಸೈನಲ್ಲ, ಡಿಸೈನಿನ 'ಕಥೆ'. ಯಾವ ಪ್ರಶ್ನೆಗೂ ಸನ್ನಿವೇಶ, ಹೊಣೆ, ಕ್ರಮ, ಫಲ ಎಂಬ ನಾಲ್ಕು ಮೆಟ್ಟಿಲಲ್ಲಿ ಉತ್ತರಿಸಬೇಕು, ಸ್ಟಾರ್ ಸೂತ್ರ. ಹುಡುಗ ಒಂದು ವಾರ ಮನೆಯಲ್ಲಿ ಹಾಗೇ ಮಾತಾಡಿದ. ಹಾಲು ಯಾಕೆ ಉಕ್ಕಿತು ಎಂದು ಅಕ್ಕ ಕೇಳಿದರೆ ಮೊದಲು ಸನ್ನಿವೇಶದಿಂದ ಶುರು ಮಾಡುತ್ತಿದ್ದ. ಫಲ ಮಾತ್ರ ಒಲೆಯ ಮೇಲೆ ಕಾಣುತ್ತಿತ್ತು.

ಸಂದರ್ಶನ ಆನ್‌ಲೈನಿನಲ್ಲಿ. ನಮ್ಮಲ್ಲಿ ಆನ್‌ಲೈನ್ ಎಂದರೆ ಮನೆ ಹಿಂದಿನ ಗುಡ್ಡ. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ತಲೆ ಮೇಲೆ ನಾನು ಹಿಡಿದ ಕೊಡೆ. ಜೀವನದಲ್ಲಿ ಕ್ರಿಯೇಟಿವ್ ಕ್ಷೇತ್ರಕ್ಕೆ ನನ್ನ ಕೊಡುಗೆ ಅಷ್ಟೆ.

ತೆರೆಯ ಮೇಲೆ ಮೂವರು ಕಂಡರು. "ನಿಮ್ಮ ಬ್ಯಾಕ್‌ಗ್ರೌಂಡ್ ಬ್ಲರ್ ತುಂಬಾ ನ್ಯಾಚುರಲ್ ಆಗಿದೆ, ಯಾವ ಆ್ಯಪ್?" ಎಂದು ಒಬ್ಬಾಕೆ ಇಂಗ್ಲಿಷಿನಲ್ಲಿ ಕೇಳಿದರು. ಅದು ಮಂಜು. ಹುಡುಗ ಹೇಳಲಿಲ್ಲ, ಹೇಳಿದ್ದರೆ ಅದಕ್ಕೂ ಕಥೆ ಕೇಳುತ್ತಿದ್ದರು. ನಿಮ್ಮ ಅತಿದೊಡ್ಡ ದೌರ್ಬಲ್ಯ ಯಾವುದು ಎಂಬ ಪ್ರಶ್ನೆ ಬರುವ ಹೊತ್ತಿಗೆ ಸರಿಯಾಗಿ ಅವನ ಕಾಲ್ಬೆರಳ ಸಂದಿಯಲ್ಲಿ ಇಂಬಳ, ಅಂದರೆ ಜಿಗಣೆ, ಹತ್ತಿತ್ತು. ಅವನು ಬಗ್ಗಿದ. ಕ್ಯಾಮೆರಾದಲ್ಲಿ ಅರ್ಧ ನಿಮಿಷ ಬರೀ ಮಂಜು. ಅಭ್ಯರ್ಥಿ ಆತ್ಮಾವಲೋಕನ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡರೇನೋ, ಅವನು ಎದ್ದಾಗ ಮೂವರೂ ಮೆಚ್ಚುಗೆಯಿಂದ ತಲೆಯಾಡಿಸುತ್ತಿದ್ದರು.

ಹುದ್ದೆ ಕನ್ನಡದ್ದು, ಆದರೆ ಮೂವರಲ್ಲಿ ಒಬ್ಬರಿಗೂ ಕನ್ನಡ ಬಾರದು. ಇದನ್ನು ದೋಷ ಎನ್ನಬಾರದು, ನಿಷ್ಪಕ್ಷಪಾತ ಎನ್ನಬೇಕು. ಅಪ್ಪೆಮಿಡಿ ಉಪ್ಪಿನಕಾಯಿಗೆ ಒಂದು ಸಾಲು ಈಗಲೇ ಹೇಳಿ ಎಂದರು. "ಒಂದು ಮಿಡಿ ಸಾಕು, ತಟ್ಟೆ ಅನ್ನಕ್ಕೆ" ಎಂದ ಹುಡುಗ. ಹೊಳೆದಂಡೆಯ ಮಾವಿನ ಮಿಡಿಯ ಸೊನೆ ವಾಸನೆಗೇ ಎರಡು ತುತ್ತು ಹೆಚ್ಚು ಉಣ್ಣುವ ನಮಗೆ ಅದರಲ್ಲಿ ವಿವರಿಸುವುದಕ್ಕೇನೂ ಇಲ್ಲ. ಅವರು ಅದನ್ನು ಯಂತ್ರಾನುವಾದಕ್ಕೆ ಹಾಕಿದರು. ಮಿಡಿ ಅಲ್ಲಿ ಹೃದಯದ ಮಿಡಿತವಾಗಿ ಹೊರಬಂತು. ಮೂವರ ಕಣ್ಣೂ ತೇವವಾಯಿತು. "ಎಷ್ಟು ಎಮೋಷನಲ್!" ಎಂದರು. ನಾನು ಕೊಡೆಯ ಕೆಳಗಿಂದ, ಅಲ್ಲ ಮಾರಾಯ್ರೆ ಅದು ಮಾವಿನಕಾಯಿ ಎನ್ನುವಷ್ಟರಲ್ಲಿ ಹುಡುಗ ನನ್ನ ಕಾಲು ತುಳಿದ.

ಎರಡನೇ ಸುತ್ತು 'ಒಂದು ಪುಟ್ಟ ಅಸೈನ್‌ಮೆಂಟ್'. ಅದೇ ಉಪ್ಪಿನಕಾಯಿಗೆ ಒಂದು ಲೋಗೊ, ಮೂರು ಲೇಬಲ್, ಹತ್ತು ಪೋಸ್ಟರ್, ರೇಡಿಯೊಗೆ ಒಂದು ಜಿಂಗಲ್. 48 ಗಂಟೆ. ದುಡ್ಡಿನ ಮಾತಿಲ್ಲ, ಕಲಿಕೆಯ ಅವಕಾಶವಂತೆ. ಉಪ್ಪಿನಕಾಯಿಯ ಹೆಸರು ಮಾತ್ರ ಕಾಲ್ಪನಿಕವಲ್ಲ. ಪೇಟೆಯ ಅಂಗಡಿಯಲ್ಲಿ ನಾನೇ ಕೊಂಡು ತಂದದ್ದು ಮನೆಯಲ್ಲಿತ್ತು.

ಹುಡುಗ ಹಸೆ ಚಿತ್ತಾರ ಬಳಸುತ್ತೇನೆಂದ. ಸಾಗರದ ಕಡೆಯ ದೀವರು ಸಮುದಾಯದವರ ಮನೆಯ ಗೋಡೆ ನೋಡಿದವರಿಗೆ ಗೊತ್ತು: ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅವನು ಅಲ್ಲಿಯ ಪರಿಚಯದ ಅಜ್ಜಿಯೊಬ್ಬರ ಹತ್ತಿರ ಒಂದಿಡೀ ದಿನ ಕೂತು ಗೆರೆ ಎಳೆಯುವುದನ್ನು ನೋಡಿ, ರಾತ್ರಿಯೆಲ್ಲ ಕೂತು ಲೇಬಲ್ ಬಿಡಿಸಿ ಕಳಿಸಿದ. ಉತ್ತರ ಬಂತು: ಗೆರೆಗಳು ಚೆನ್ನಾಗಿವೆ, ಆದರೆ ಪ್ರೋಸೆಸ್ ಎಲ್ಲಿ? ಮೂಡ್ ಬೋರ್ಡ್ ಎಲ್ಲಿ? ಡಬಲ್ ಡೈಮಂಡ್ ಎಲ್ಲಿ?

ಡಬಲ್ ಡೈಮಂಡ್ ಎಂದರೆ ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 20 ವರ್ಷದ ಹಿಂದೆ ಪ್ರಚಾರಕ್ಕೆ ತಂದ ನಕ್ಷೆ. ಅಕ್ಕಪಕ್ಕ ಎರಡು ವಜ್ರಾಕೃತಿ: ಮೊದಲನೆಯದರಲ್ಲಿ ಸಮಸ್ಯೆಯನ್ನು ಹಿಗ್ಗಿಸಿ ಕುಗ್ಗಿಸುವುದು, ಎರಡನೆಯದರಲ್ಲಿ ಪರಿಹಾರವನ್ನು. ಹುಡುಗ ಅದನ್ನು ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿದ. ಅಜ್ಜಿ ಕನ್ನಡಕ ಏರಿಸಿ ನೋಡಿ, "ಎರಡಕ್ಕೇ ಬಿಟ್ಟಿದಾರಲ್ಲ, ಸಾಲು ಯಾಕೆ ಮುಗಿಸ್ಲಿಲ್ಲ? ಕೈ ನೋವಾ?" ಎಂದು ಕೇಳಿದರು. ಮೂಡ್ ಬೋರ್ಡ್ ಎಂದರೆ ಡಿಸೈನಿನ ಭಾವಕ್ಕೆ ಹೊಂದುವ ಚಿತ್ರ, ಬಣ್ಣಗಳನ್ನು ಒಟ್ಟಿಗೆ ಅಂಟಿಸಿಟ್ಟ ಹಲಗೆ. ಅದರ ಬದಲು ಹುಡುಗ ಅಜ್ಜಿಯ ಗೋಡೆಯ ಫೋಟೊ ಕಳಿಸಿದ.

ಆಮೇಲೆ ಕಂಪನಿಯಿಂದ ಒಂದೇ ಸಾಲು: ನಾವೇ ಸಂಪರ್ಕಿಸುತ್ತೇವೆ. ಶ್ರಾವಣ ಹೋಯಿತು, ಗಣಪತಿ ಬಂದು ಮುಳುಗಿದ, ನವರಾತ್ರಿಯೂ ಆಯಿತು.

ದೀಪಾವಳಿ ಕಳೆದು ಅಡಿಕೆಯ ಕೊನೆಕೊಯ್ಲು ಶುರುವಾದಾಗ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ನಮ್ಮ ಕೊನೆಗೌಡ ಬಂದ. ಅಷ್ಟೊತ್ತಿಗೆ ನನಗೂ ಸಂದರ್ಶನದ ಗೀಳು ಹತ್ತಿತ್ತು. ಮರದ ಬುಡದಲ್ಲಿ ಅವನನ್ನು ನಿಲ್ಲಿಸಿ, "ನಿನ್ನನ್ನೇ ನಾವು ಯಾಕೆ ಆರಿಸಬೇಕು?" ಎಂದು ಕೇಳಿದೆ.

"ಬ್ಯಾಡಾಂದ್ರೆ ಬಿಡಿ. ಕೆಳಗಿನ ಮನೆಯೋರು ನಿನ್ನೆಯಿಂದ ಕಾಯ್ತಿದಾರೆ."

"ಐದು ವರ್ಷದ ನಂತರ ಎಲ್ಲಿರ್ತೀಯ?"

ಅವನು ತಲೆಯೆತ್ತಿ ತೋಟ ನೋಡಿದ. ಎಲೆಚುಕ್ಕೆ ರೋಗಕ್ಕೆ ಸೋಗೆಗಳು ಕಂದಿ ಜೋತುಬಿದ್ದಿದ್ದವು. "ಮರ ಇದ್ರೆ ಮರದ ಮೇಲೆ."

"ಸರಿ, ಮೊದಲು ಹತ್ತು ಮರ ಪುಕ್ಕಟೆ ಹತ್ತಿ ತೋರಿಸು. ಕೈಚಳಕ ನೋಡಿ ನಾವೇ ತಿಳಿಸ್ತೇವೆ."

ಅವನು ಕಾಲಿಗೆ ತಳೆ ಹಾಕಿಕೊಳ್ಳುತ್ತಾ, "ಹತ್ತೋದು ಬೇಕಾದ್ರೆ ಪುಕ್ಕಟೆ ಹತ್ತುತೀನಿ ಮಾರಾಯ್ರೆ" ಎಂದ. "ಕೊನೆ ಇಳ್ಸೋಕೆ ದುಡ್ಡು."

ಕೆಳಗೆ ಹಗ್ಗ ಹಿಡಿದು ನಿಂತಿದ್ದ ನಮ್ಮ ಹುಡುಗ ಹಗ್ಗ ಬಿಟ್ಟ. "ತಡೀರಿ, ಇದನ್ನ ಇಂಗ್ಲಿಷಲ್ಲಿ ಅವ್ರಿಗೆ ಕಳಿಸ್ತೀನಿ" ಎಂದು ಮೊಬೈಲ್ ತೆಗೆದು, ಸಿಗ್ನಲ್ಲಿಗಾಗಿ ಗುಡ್ಡದ ಕಡೆ ಓಡಿದ.