ಮೇಜಿನ ಮೇಲೆ ಕುಣಿದವಳು ಜರ್ಮನಿಯವಳಲ್ಲ

ಹಾಲಿವುಡ್ ನಿರ್ದೇಶಕ ಬಿಲ್ಲಿ ವೈಲ್ಡರ್‌ನ 1961ರ 'ಒನ್, ಟೂ, ಥ್ರೀ' ಸಿನಿಮಾದ ಒಂದು ತುಣುಕು ಓಡಾಡುತ್ತಿದೆ. ಚುಕ್ಕಿ ಫ್ರಾಕು ತೊಟ್ಟ ಸೆಕ್ರೆಟರಿ ಪೂರ್ವ ಬರ್ಲಿನ್ ಹೋಟೆಲಿನಲ್ಲಿ ಮೇಜು ಹತ್ತಿ ಕುಣಿಯುತ್ತಾಳಲ್ಲ, ಅದೇ. ಜೊತೆಗೊಂದು ಸಾಲು: 'ಹಾಲಿವುಡ್ ಬೆಳಕಿಗೆ ತಂದ ಜರ್ಮನ್ ನಟಿ.' ಜರ್ಮನ್ ಅನ್ನುವುದೂ ತಪ್ಪು, ಹಾಲಿವುಡ್ ಬೆಳಕಿಗೆ ತಂದಿತು ಅನ್ನುವುದೂ ತಪ್ಪು.

ಅವರು ಲೀಸೆಲೊಟ್ಟೆ ಪುಲ್ವರ್. ಹುಟ್ಟಿದ್ದು 1929ರಲ್ಲಿ, ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ. 1954ರ 'ಉಲಿ ಡೆರ್ ಕ್ನೆಖ್ಟ್' ನೋಡಿ, ಹೊಲಮನೆಯ ಕತೆ. ಅದರಲ್ಲಿ ಅವರಾಡುವುದು ಪುಸ್ತಕದ ಜರ್ಮನ್ ಅಲ್ಲ, ಅಪ್ಪಟ ಬರ್ನ್ ಸೀಮೆಯ ಮಾತು.

ಇನ್ನು ಹಾಲಿವುಡ್ ವಿಷಯ. ವೈಲ್ಡರ್ ಕರೆಯುವ ಹೊತ್ತಿಗೆ ಜರ್ಮನ್ ಪ್ರೇಕ್ಷಕರಿಗೆ ಅವರು ಮನೆಮಗಳಾಗಿಬಿಟ್ಟಿದ್ದರು. ಅದಕ್ಕೆ ಮುಖ್ಯ ಕಾರಣ ಕುರ್ಟ್ ಹಾಫ್‌ಮನ್ ನಿರ್ದೇಶಿಸಿದ 1955ರ ಪಿರೋಶ್ಕಾ ಸಿನಿಮಾ. ಹಂಗೇರಿಯ ಸ್ಟೇಷನ್ ಮಾಸ್ಟರ್ ಮಗಳ ಪಾತ್ರ. ಹಂಗೇರಿಯನ್ ಧಾಟಿಯ ಅವರ ಜರ್ಮನ್ ಕೇಳಿದರೆ ಅಲ್ಲಿಯವರೇ ಅನ್ನಿಸಿಬಿಡುತ್ತದೆ! ಯುದ್ಧದಲ್ಲಿ ನುಜ್ಜುಗುಜ್ಜಾಗಿದ್ದ ಜನಕ್ಕೆ ಬಿಸಿಲು, ಹಳ್ಳಿ, ನಗು ಬೇಕಿತ್ತು. ಪುಲ್ವರ್ ನಗುವಂತೂ ಥಿಯೇಟರ್ ತುಂಬಾ ಕೇಳಿಸುವಂಥದ್ದು. 1958ರಲ್ಲಿ ಹಾಫ್‌ಮನ್ನರದೇ ಇನ್ನೊಂದು ಸಿನಿಮಾದಲ್ಲಿ ಗಂಡುವೇಷ ಹಾಕಿದ ಶ್ರೀಮಂತರ ಮನೆ ಹುಡುಗಿಯಾದರು. ಅದೇ ವರ್ಷ ಡಗ್ಲಸ್ ಸರ್ಕ್ ನಿರ್ದೇಶನದ ಅಮೆರಿಕನ್ ಯುದ್ಧಚಿತ್ರಕ್ಕೂ ನಾಯಕಿ. ಅಂದರೆ ಹಾಲಿವುಡ್‌ಗೂ 1961ರಲ್ಲಿ ಅವರೇನು ಹೊಸ ಮುಖವಲ್ಲ.

ಆಮೇಲೆ ಅವರು ಅಮೆರಿಕದಲ್ಲೇ ಉಳಿದುಬಿಟ್ಟರು ಅಂತ ಸೇರಿಸುವವರೂ ಇದ್ದಾರೆ. ಸುಮ್ನೆ ಮಾತು. 1962ರಲ್ಲೇ ಜರ್ಮನ್ ಹಾಸ್ಯಚಿತ್ರವೊಂದರಲ್ಲಿ ಒಬ್ಬಳು ಚೆಲುವೆ, ಒಬ್ಬಳು ಸಿಡುಕಿ, ಇಬ್ಬರು ಅಕ್ಕತಂಗಿಯರಾಗಿಯೂ ಅವರೇ ನಟಿಸಿದರು.