ಆನ್ ಆಯ್ತು ಅಂದ ಮಾತ್ರಕ್ಕೆ ರ‍್ಯಾಮ್ ಸ್ಟೇಬಲ್ ಅಲ್ಲ

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕಂಪ್ಯೂಟರ್ ಕಟ್ಟಿಸಿಕೊಂಡವರಿಗೆಲ್ಲ ಈ ಮಾತು ಪರಿಚಯ ಇರುತ್ತದೆ. "ನೋಡಿ ಸರ್, 6000 ತೋರಿಸ್ತಿದೆ, ವಿಂಡೋಸ್ ಬಂತು, ಇನ್ನೇನು ಬೇಕು?" ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ಕಂಪನಿ ಮೊದಲೇ ಬರೆದಿಟ್ಟ ಹೆಚ್ಚಿನ ಸ್ಪೀಡಿನ ಸೆಟ್ಟಿಂಗ್, ಆನ್ ಮಾಡುತ್ತಾರೆ. ಟಾಸ್ಕ್ ಮ್ಯಾನೇಜರ್ ತೆಗೆದು ಸ್ಪೀಡ್ ತೋರಿಸುತ್ತಾರೆ. ಡಬ್ಬಕ್ಕೆ ಟೇಪ್ ಸುತ್ತಿ ಆಟೋಗೆ ಹತ್ತಿಸುತ್ತಾರೆ. ನನ್ನ ಪ್ರಕಾರ ಆ ಮಷೀನ್ ಇನ್ನೂ ರೆಡಿಯಾಗಿಲ್ಲ. ರಾತ್ರಿಯಿಡೀ ಮೆಮೊರಿ ಟೆಸ್ಟ್ ಓಡಿಸಬೇಕು, ಒಂದೇ ಒಂದು ಎರರ್ ಕೂಡ ಬರಬಾರದು. ಆಗಲೇ ಕೆಲಸ ಮುಗಿದ ಹಾಗೆ. ಇದನ್ನು ಅಂಗಡಿಯವರು ಮಾಡಿಕೊಡಬೇಕು. ಗಿರಾಕಿಗಳು ಸಂಕೋಚ ಇಲ್ಲದೆ ಕೇಳಬೇಕು.

ಎಷ್ಟೋ ಜನಕ್ಕೆ ಎಕ್ಸ್‌ಪೋ ಆನ್ ಮಾಡೋದೇ ಓವರ್‌ಕ್ಲಾಕ್ (ಮಾಮೂಲಿ ಮಿತಿಗಿಂತ ಜೋರಾಗಿ ಓಡಿಸೋದು) ಅಂತ ಗೊತ್ತಿಲ್ಲ. ಡಬ್ಬದ ಮೇಲೆ 6000 ಅಂತ ಅಚ್ಚು ಹಾಕಿದ್ದಾರೆ, ಹಾಗಾಗಿ ಅದೇ ಅದರ ಮಾಮೂಲಿ ಸ್ಪೀಡ್ ಅಂದುಕೊಂಡಿರುತ್ತಾರೆ. 2020ರಲ್ಲಿ ಮೆಮೊರಿ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ ಈಗಿನ ಪೀಳಿಗೆಯ ರ‍್ಯಾಮ್ ಆದ ಡಿಡಿಆರ್5ರ ಮಾನದಂಡ ಹೊರಡಿಸಿದಾಗ ವೋಲ್ಟೇಜ್ 1.1 ಅಂತ ಗೊತ್ತು ಮಾಡಿತ್ತು. ಮಾರ್ಕೆಟ್ಟಿಗೆ ಮೊದಲು ಬಂದ ಸ್ಟಿಕ್‌ಗಳ ಸ್ಪೀಡ್ 4800. ಈಗ ನಾವು ಕೊಳ್ಳುವ 6000ದ ಕಿಟ್‌ಗಳು ಸಾಮಾನ್ಯವಾಗಿ 1.35 ಅಥವಾ 1.4 ವೋಲ್ಟ್‌ನಲ್ಲಿ ಓಡುತ್ತವೆ. ರೈಜೆನ್ 7000 ಸರಣಿಯ ಪ್ರೊಸೆಸರ್‌ಗಳಿಗೆ ಅವನ್ನು ತಯಾರಿಸುವ ಎಎಂಡಿ ಬರೆದುಕೊಟ್ಟಿರುವ ಮೆಮೊರಿ ಸ್ಪೀಡ್ 5200, ರೈಜೆನ್ 9000ಕ್ಕೆ 5600. ಅದರ ಮೇಲೆ ಹೋದರೆ ಓವರ್‌ಕ್ಲಾಕ್ ಅಂತ ಅವರೇ ಹೇಳುತ್ತಾರೆ. ರ‍್ಯಾಮ್ ಕಂಪನಿ ತನ್ನ ಸ್ಟಿಕ್‌ಗಳನ್ನು 6000ದಲ್ಲಿ ಟೆಸ್ಟ್ ಮಾಡಿರುತ್ತದೆ, ನಿಜ. ಆದರೆ ನಿಮ್ಮ ಪ್ರೊಸೆಸರ್ ಒಳಗೆ ರ‍್ಯಾಮ್ ಜೊತೆ ಮಾತಾಡುವ ಮೆಮೊರಿ ಕಂಟ್ರೋಲರ್, ನಿಮ್ಮ ಮದರ್‌ಬೋರ್ಡು, ಈ ಸ್ಟಿಕ್‌ಗಳು, ಮೂರೂ ಸೇರಿ ಹೇಗೆ ನಡೆದುಕೊಳ್ಳುತ್ತವೆ ಅಂತ ಯಾರೂ ನೋಡಿರೋದಿಲ್ಲ. ಅವು ಮೊದಲ ಸಲ ಭೇಟಿಯಾಗೋದೇ ಆ ಅಂಗಡಿಯ ಟೇಬಲ್ ಮೇಲೆ.

ನಾನು ಓವರ್‌ಕ್ಲಾಕ್ ವಿರೋಧಿ ಅಂತ ಯಾರೂ ತಿಳಿಯಬೇಡಿ. ನನಗೆ ಈ ಕೆಲಸ ಅಂದರೆ ಪ್ರಾಣ. ಭಾನುವಾರ ಬೆಳಗ್ಗೆ ಕಾಫಿ ಇಟ್ಟುಕೊಂಡು ಒಂದೊಂದೇ ಟೈಮಿಂಗ್ (ರ‍್ಯಾಮ್ ಒಂದೊಂದು ಕೆಲಸಕ್ಕೆ ಕಾಯುವ ಹೊತ್ತು) ಇಳಿಸುತ್ತಾ ಕೂತರೆ ಊಟದ ಹೊತ್ತು ಆಗಿದ್ದೇ ಗೊತ್ತಾಗುವುದಿಲ್ಲ. ಬರೀ ದೊಡ್ಡ ನಂಬರ್ ಹಿಂದೆ ಓಡೋರಿಗೆ ಮಾತ್ರ ಒಂದು ಲೆಕ್ಕ ಹೇಳುತ್ತೇನೆ. 6000 ಅಂದರೆ ಒಂದು ಸೆಕೆಂಡಿಗೆ 6000 ಮೆಗಾಟ್ರಾನ್ಸ್‌ಫರ್. ಕ್ಲಾಕ್ ಓಡೋದು 3000 ಮೆಗಾಹರ್ಟ್ಸ್‌ನಲ್ಲಿ. ಸಿಎಲ್ 30, ಅಂದರೆ 30 ಕ್ಲಾಕ್ ಕಾಯಬೇಕು ಅಂತಿದ್ದರೆ ಡೇಟಾ ಕೇಳಿದ ಮೇಲೆ ಕಾಯುವ ಹೊತ್ತು 10 ನ್ಯಾನೋಸೆಕೆಂಡ್. ಹಳೆಯ ಡಿಡಿಆರ್4ರಲ್ಲಿ 3200, ಸಿಎಲ್ 16 ಇದ್ದರೂ ಅದೇ 10 ನ್ಯಾನೋಸೆಕೆಂಡ್ ಬರುತ್ತದೆ. ಡಿಡಿಆರ್5ರಲ್ಲಿ ಜಾಸ್ತಿ ಆಗಿರೋದು ಒಂದೇ ಹೊತ್ತಿಗೆ ಸಾಗಿಸುವ ಡೇಟಾ. ಅದಕ್ಕೇ ತಿಳಿದವರು ಸ್ಪೀಡನ್ನು ಒಂದು ಹಂತಕ್ಕೆ ನಿಲ್ಲಿಸಿ ಒಳಗಿನ ಟೈಮಿಂಗ್‌ಗಳಿಗೆ ಕೈ ಹಾಕುತ್ತಾರೆ. ನಿಜವಾದ ಲಾಭ ಇರೋದೂ ಅಲ್ಲೇ, ಅಪಾಯ ಇರೋದೂ ಅಲ್ಲೇ.

ಅದರಲ್ಲಿ ಟಿ-ರೆಫಿ ಅಂತ ಒಂದು ಇದೆ. ರ‍್ಯಾಮ್ ಚಿಪ್‌ನ ಪ್ರತಿಯೊಂದು ಬಿಟ್ಟೂ ಒಂದು ಪುಟ್ಟ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಅಷ್ಟೇ. ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ ಈ ವಿನ್ಯಾಸಕ್ಕೆ 1968ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಮೂಲ ಅದೇ. ಆ ಕೆಪಾಸಿಟರ್‌ನಲ್ಲಿ ಚಾರ್ಜ್ ನಿಲ್ಲೋದಿಲ್ಲ, ತೂತು ಬಿದ್ದ ಕೊಡದ ಹಾಗೆ ಸೋರುತ್ತಲೇ ಇರುತ್ತದೆ. ಖಾಲಿಯಾಗುವ ಮೊದಲೇ ಮತ್ತೆ ತುಂಬಬೇಕು. ಅದೇ ರಿಫ್ರೆಶ್. ಎರಡು ರಿಫ್ರೆಶ್ ನಡುವಿನ ಅಂತರವೇ ಟಿ-ರೆಫಿ, ಅದನ್ನು ಕ್ಲಾಕ್ ಲೆಕ್ಕದಲ್ಲಿ ಹಾಕುತ್ತಾರೆ. ಡಿಡಿಆರ್5ರಲ್ಲಿ ಮಾಮೂಲಿಯಾಗಿ 3.9 ಮೈಕ್ರೋಸೆಕೆಂಡಿಗೆ ಒಂದು ರಿಫ್ರೆಶ್ ಕಮಾಂಡ್ ಹೋಗುತ್ತದೆ. ರಿಫ್ರೆಶ್ ನಡೆಯುವಾಗ ಮೆಮೊರಿ ಬೇರೆ ಕೆಲಸ ಮಾಡೋದಿಲ್ಲ. ಹಾಗಾಗಿ ಅದನ್ನು ಅಪರೂಪ ಮಾಡಿದರೆ ಸ್ಪೀಡ್ ಸಿಗುತ್ತದೆ. ಯೂಟ್ಯೂಬ್ ನೋಡಿಕೊಂಡು ಎಲ್ಲರೂ ಟಿ-ರೆಫಿಗೆ 65535 ಅಂತ ಹೊಡೆಯೋದು ಇದಕ್ಕೇ. 6000 ಸ್ಪೀಡ್‌ನಲ್ಲಿ ಅಷ್ಟು ಕ್ಲಾಕ್‌ಗೆ ಸುಮಾರು 21.8 ಮೈಕ್ರೋಸೆಕೆಂಡ್, ಅಂದರೆ ಐದು ಪಟ್ಟಿಗಿಂತ ಜಾಸ್ತಿ ಅಂತರ. ಚಿಪ್ ತಣ್ಣಗಿದ್ದರೆ ಬಹಳ ಸಲ ನಡೆಯುತ್ತದೆ. ಚಿಪ್ ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. 85 ಡಿಗ್ರಿ ದಾಟಿದರೆ ರಿಫ್ರೆಶ್ ಎರಡು ಪಟ್ಟು ಮಾಡಬೇಕು ಅಂತ ಮಾನದಂಡವೇ ಹೇಳುತ್ತದೆ. ನಾವು ಮಾಡೋದು ಅದರ ಉಲ್ಟಾ.

ರಾಜಾಜಿನಗರದಲ್ಲಿ ಮದುವೆ ಫೋಟೋ ತೆಗೆಯುವ ನನ್ನ ಗೆಳೆಯನೊಬ್ಬ ಇದ್ದಾನೆ. ಸ್ಟುಡಿಯೋ ಮೇಲಿನ ಮಹಡಿಯಲ್ಲಿ, ಏಪ್ರಿಲ್‌ನಲ್ಲಿ ಒಳಗೆ ಕೂರೋಕೆ ಆಗುವುದಿಲ್ಲ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಕಂಪ್ಯೂಟರ್‌ಗೆ ಇಳಿಸಿದ ಫೋಟೋಗಳಲ್ಲಿ ಅಲ್ಲೊಂದು ಇಲ್ಲೊಂದು ಕೆಡುತ್ತಿತ್ತು. ಮೇಲರ್ಧ ಸರಿ ಇರೋದು. ಧಾರೆ ಎರೆಯೋ ಕೈಗಳಿಂದ ಕೆಳಗೆ ಪೂರ್ತಿ ನೇರಳೆ ಬಣ್ಣದ ಪಟ್ಟಿ. ಕಾರ್ಡ್ ಬದಲಾಯಿಸಿದ. ರೀಡರ್ ಬದಲಾಯಿಸಿದ. ಹೊಸ ಹಾರ್ಡ್ ಡಿಸ್ಕ್ ತಂದ. ರ‍್ಯಾಮ್ ನೋಡೋಣ ಅಂದಾಗ ಅವನು ಒಪ್ಪಲಿಲ್ಲ. "ಅಣ್ಣ, ಗೇಮ್ ಎಲ್ಲ ಬೆಣ್ಣೆ ಥರ ಓಡ್ತಿದೆ. ಒಂದು ದಿನ ಹ್ಯಾಂಗ್ ಆಗಿಲ್ಲ. ರ‍್ಯಾಮ್ ಹೇಗೆ ಹೋಗಿರುತ್ತೆ?"

ಕೆಟ್ಟ ಫೈಲನ್ನೂ ಕಾರ್ಡಿನಲ್ಲಿದ್ದ ಮೂಲ ಫೈಲನ್ನೂ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪಕ್ಕಪಕ್ಕ ಇಟ್ಟು ಹೋಲಿಸಿದೆವು. ಅಷ್ಟು ದೊಡ್ಡ ಫೈಲಿಗೆ ಪರದೆ ಮೇಲೆ ಬಂದಿದ್ದು ಒಂದೇ ಸಾಲು. ಮೂಲದಲ್ಲಿ ಎಫ್‌ಎಫ್ ಇದ್ದ ಕಡೆ ಕಾಪಿಯಲ್ಲಿ ಎಫ್‌ಬಿ. ಎಫ್ ಅಂದರೆ 1111, ಬಿ ಅಂದರೆ 1011. ಒಂದು ಬಿಟ್. ಒಂದೇ ಒಂದು 1 ಹೋಗಿ 0 ಆಗಿತ್ತು. ಅವನ ಕ್ಯಾಮೆರಾ ಫೈಲುಗಳು ಕಂಪ್ರೆಸ್ ಆಗಿರೋವು. ಅಂಥ ಫೈಲಿನಲ್ಲಿ ಒಂದು ಕಡೆ ದಾರಿ ತಪ್ಪಿದರೆ ಮುಂದಿನದನ್ನೆಲ್ಲ ತಪ್ಪಾಗಿ ಬಿಡಿಸಿಕೊಳ್ಳುತ್ತಾ ಹೋಗುತ್ತದೆ. ನೇರಳೆ ಪಟ್ಟಿ ಬಂದಿದ್ದು ಹಾಗೆ.

ರಾತ್ರಿ ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಟೆಸ್ಟ್ ಓಡಿಸಿದೆವು. ಪಾಸ್. ವಿಂಡೋಸ್‌ನಲ್ಲಿ ಟೆಸ್ಟ್‌ಮೆಮ್5 ಅನ್ನೋ ಇನ್ನೊಂದು ಟೆಸ್ಟ್ ಹಾಕಿದೆವು. ಅದೂ ಪಾಸ್. ಇಲ್ಲಿಗೆ ಬಿಟ್ಟಿದ್ದರೆ ರ‍್ಯಾಮ್ ಸರಿಯಿದೆ ಅಂತ ತೀರ್ಮಾನ ಆಗಿಬಿಡುತ್ತಿತ್ತು. ಆದರೆ ಆ ಟೆಸ್ಟ್ ಓಡುವಾಗ ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿರುತ್ತದೆ. ಅವನು ಕೆಲಸ ಮಾಡುವಾಗ ಕೂತಿರೋದಿಲ್ಲ. ವಿಡಿಯೋ ರೆಂಡರ್ ಆಗುತ್ತಿರುವಾಗಲೇ ಇನ್ನೊಂದು ಮದುವೆಯ ಕಾರ್ಡ್ ಇಳಿಸುತ್ತಿರುತ್ತಾನೆ. ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ನೇರವಾಗಿ ರ‍್ಯಾಮ್ ಸ್ಟಿಕ್‌ಗಳ ಕಡೆಗೇ ಏರುತ್ತದೆ. ಗ್ರಾಫಿಕ್ಸ್ ಕಾರ್ಡಿಗೂ ಲೋಡ್ ಕೊಟ್ಟು ಮತ್ತೆ ಟೆಸ್ಟ್ ಹಾಕಿದೆವು. ಮೊದಲು 50ರ ಆಸುಪಾಸಿನಲ್ಲಿದ್ದ ಸ್ಟಿಕ್‌ನ ಬಿಸಿ 60 ದಾಟಿತು. ಸ್ವಲ್ಪ ಹೊತ್ತಿಗೆ ಮೊದಲ ಎರರ್, ಹಿಂದೆಯೇ ಇನ್ನೆರಡು. ಬಯೋಸ್ ನೋಡಿದರೆ ಟಿ-ರೆಫಿ 65535. ಇವನು ಅದರ ಹೆಸರೂ ಕೇಳಿರಲಿಲ್ಲ, ಮಷೀನ್ ಕಟ್ಟಿದವರು ಹಾಕಿ ಕಳಿಸಿದ್ದರು. ಅದನ್ನು ಬಯೋಸ್‌ನ 'ಆಟೋ' ಸೆಟ್ಟಿಂಗ್‌ಗೆ ತಂದು, ಸ್ಟಿಕ್‌ಗಳ ಮೇಲೆ ಒಂದು ಫ್ಯಾನ್ ಕೂರಿಸಿದ ಮೇಲೆ ಅದೇ ಟೆಸ್ಟ್ ರಾತ್ರಿಯೆಲ್ಲ ಓಡಿದರೂ ಎರರ್ ಬರಲಿಲ್ಲ. ಫೋಟೋಗಳೂ ಕೆಡಲಿಲ್ಲ. ಮದುವೆ ಇನ್ನೊಂದು ಸಲ ನಡೆಯೋದಿಲ್ಲ ಅಲ್ವಾ? ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡದೆ ಇಟ್ಟುಕೊಂಡಿದ್ದ, ಅದರಿಂದ ಬಚಾವಾದ.

ನನಗೆ ಸಿಟ್ಟು ಬರೋದು ಇದಕ್ಕೇ. ಪ್ರೊಸೆಸರ್ ಅತಿಯಾಗಿ ಬಿಸಿಯಾದರೆ ತಾನೇ ನಿಧಾನ ಆಗುತ್ತದೆ, ಆಫ್ ಆಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಳಾದರೆ ಪರದೆ ಮೇಲೆ ಚುಕ್ಕಿ ಕಾಣುತ್ತದೆ. ರ‍್ಯಾಮ್ ತಪ್ಪು ಮಾಡಿದರೆ ಬಹಳ ಸಲ ಏನೂ ಕಾಣೋದಿಲ್ಲ. ತಪ್ಪು ಡೇಟಾ ಹಾಗೇ ಡಿಸ್ಕ್‌ಗೆ ಹೋಗುತ್ತದೆ, ಅಲ್ಲಿಂದ ಬ್ಯಾಕಪ್‌ಗೂ ಹೋಗುತ್ತದೆ. ಲಿನಕ್ಸ್ ಮಾಡಿದ ಲಿನಸ್ ಟೋರ್ವಾಲ್ಡ್ಸ್ ಅವರಿಗೇ 2022ರಲ್ಲಿ ಹೀಗಾಯಿತು. ಕರ್ನಲ್ (ಲಿನಕ್ಸ್‌ನ ತಿರುಳು) ಕಂಪೈಲ್ ಮಾಡುವಾಗ ವಿಚಿತ್ರ ಎರರ್‌ಗಳು ಬರುತ್ತಿದ್ದವು, ಹುಡುಕಿದರೆ ಕೆಟ್ಟಿದ್ದು ರ‍್ಯಾಮ್ ಸ್ಟಿಕ್. ಗೂಗಲ್ ಮತ್ತು ಟೊರಾಂಟೊ ವಿಶ್ವವಿದ್ಯಾಲಯದವರು 2009ರಲ್ಲಿ ಗೂಗಲ್‌ನ ಸರ್ವರ್‌ಗಳನ್ನು ಅಧ್ಯಯನ ಮಾಡಿ ವರದಿ ಕೊಟ್ಟರು. ವರ್ಷಕ್ಕೆ 8%ಗಿಂತ ಹೆಚ್ಚು ಸ್ಟಿಕ್‌ಗಳಲ್ಲಿ ಎರರ್ ಕಂಡುಬಂದಿತ್ತು. ಅವು ಇಸಿಸಿ (ಮೆಮೊರಿಯ ತಪ್ಪನ್ನು ಹಿಡಿದು ಸರಿಮಾಡುವ ವ್ಯವಸ್ಥೆ) ಇರುವ ಸರ್ವರ್‌ಗಳು, ಹಾಗಾಗಿ ಎರರ್ ಸಿಕ್ಕಿಬಿತ್ತು. ನಮ್ಮ ಮನೆಯ ಮಷೀನಿನಲ್ಲಿ ಹಿಡಿಯೋರು ಯಾರು?

"ಡಿಡಿಆರ್5ನಲ್ಲಿ ಇಸಿಸಿ ಒಳಗೇ ಇದೆ ಸರ್, ಏನೂ ಆಗಲ್ಲ" ಅಂತ ಅಂಗಡಿಗಳಲ್ಲಿ ಹೇಳೋದನ್ನು ಕೇಳಿದ್ದೇನೆ. ಅರ್ಧ ಸತ್ಯ. ಡಿಡಿಆರ್5 ಚಿಪ್ 128 ಬಿಟ್ ಡೇಟಾಗೆ 8 ಬಿಟ್ ಸೇರಿಸಿಟ್ಟುಕೊಂಡು ತನ್ನೊಳಗೆ ಒಂದು ಬಿಟ್ ತಪ್ಪಿದರೆ ಸರಿಮಾಡಿಕೊಳ್ಳುತ್ತದೆ. ಚಿಪ್‌ನಿಂದ ಹೊರಟು ಪ್ರೊಸೆಸರ್ ಸೇರುವ ದಾರಿಯಲ್ಲಿ ಆಗುವ ತಪ್ಪು ಅದಕ್ಕೆ ಗೊತ್ತೇ ಆಗೋದಿಲ್ಲ. ಓವರ್‌ಕ್ಲಾಕ್ ಮಾಡಿದಾಗ ಒದ್ದಾಡೋದು ಜಾಸ್ತಿ ಆ ದಾರಿಯೇ.

ಟೆಸ್ಟ್ ಅಂದರೆ ಒಂದೇ ಸಾಫ್ಟ್‌ವೇರ್ ಸಾಕಾಗೋದಿಲ್ಲ. ವಿಂಡೋಸ್ ಹಾಕುವ ಮೊದಲೇ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿ. ಸ್ಟಿಕ್ಕೇ ಕೆಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೆಟ್ಟ ರ‍್ಯಾಮ್ ಮೇಲೆ ವಿಂಡೋಸ್ ಹಾಕಿದರೆ ಆ ವಿಂಡೋಸ್ ಕೂಡ ನಂಬೋ ಹಾಗಿರೋದಿಲ್ಲ. ಆಮೇಲೆ ಟೆಸ್ಟ್‌ಮೆಮ್5ಗೆ ಎಕ್ಸ್‌ಟ್ರೀಮ್ ಕಾನ್ಫಿಗ್ (ಅದರ ಕಠಿಣ ಸೆಟ್ಟಿಂಗ್) ಹಾಕಿ ಓಡಿಸಿ, ಟೈಮಿಂಗ್ ತಪ್ಪುಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ದುಡ್ಡು ಕೊಡೋ ಹಾಗಿದ್ದರೆ ಕಾರ್ಹು ಅನ್ನೋ ಟೆಸ್ಟ್ ಇದೆ. ಮೆಮೊರಿ ಕಂಟ್ರೋಲರನ್ನು ಹಿಂಡಬೇಕು ಅಂದರೆ ವೈ-ಕ್ರಂಚರ್. ಪೈ ಬೆಲೆಯ ಅಂಕಿಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ ಅದು, ಅದರೊಳಗೇ ಸ್ಟ್ರೆಸ್ ಟೆಸ್ಟ್ ಇದೆ. ಟೆಸ್ಟ್‌ಮೆಮ್5 ಪಾಸಾದ ಸೆಟ್ಟಿಂಗ್ ಇದರಲ್ಲಿ ಬಿದ್ದಿದ್ದನ್ನು ನಾನು ಕಂಡಿದ್ದೇನೆ. ಇಷ್ಟಾದ ಮೇಲೆ ಮಷೀನ್ ಪೂರ್ತಿ ಆಫ್ ಮಾಡಿ, ಪ್ಲಗ್ ತೆಗೆದು, ತಣ್ಣಗಾದ ಮೇಲೆ ಮತ್ತೆ ಆನ್ ಮಾಡಿ ಇನ್ನೊಂದು ಸಲ ಟೆಸ್ಟ್ ಮಾಡಿ. ಹೊಸದಾಗಿ ಆನ್ ಆಗುವಾಗ ಬೋರ್ಡ್ ಮೆಮೊರಿ ಟ್ರೇನಿಂಗ್, ಅಂದರೆ ರ‍್ಯಾಮ್ ಜೊತೆ ಹೊಂದಾಣಿಕೆ, ಮಾಡಿಕೊಳ್ಳುತ್ತದೆ. ನಿನ್ನೆ ಸಿಕ್ಕ ಹೊಂದಾಣಿಕೆ ಇವತ್ತೂ ಹಾಗೇ ಸಿಗಬೇಕು ಅಂತಿಲ್ಲ. ಒಂದು ಎರರ್ ತಾನೇ ಅಂತ ಬಿಡಬೇಡಿ. ಒಂದು ಎರರ್ ಬಂದರೂ ಫೇಲೇ.

ಇನ್ನೊಂದು ತಪ್ಪು ನಾಲ್ಕು ಸ್ಟಿಕ್. ಮೊದಲು ಎರಡು ಕೊಂಡಿರುತ್ತಾರೆ, ಆರು ತಿಂಗಳಾದ ಮೇಲೆ ಅದೇ ಕಂಪನಿಯ ಅದೇ ನಂಬರಿನ ಇನ್ನೆರಡು ತಂದು ಸಿಕ್ಕಿಸುತ್ತಾರೆ. ಕಿಟ್ ಅಂದರೆ ಒಟ್ಟಿಗೆ ಟೆಸ್ಟ್ ಆಗಿರೋದು. ಬೇರೆ ಬೇರೆ ಡಬ್ಬದವು ಒಟ್ಟಿಗೆ ಟೆಸ್ಟ್ ಆಗಿರೋದಿಲ್ಲ, ಒಳಗಿನ ಚಿಪ್ ಕೂಡ ಬೇರೆ ಇರಬಹುದು. ರೈಜೆನ್ 7000ದಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ಎಎಂಡಿ ಕೊಡುವ ಅಧಿಕೃತ ಸ್ಪೀಡ್ ಬರೀ 3600. ಜಾಸ್ತಿ ಮೆಮೊರಿ ಬೇಕಿದ್ದರೆ ಮೊದಲೇ ದೊಡ್ಡ ಎರಡು ಸ್ಟಿಕ್‌ಗಳ ಕಿಟ್ ತೆಗೆದುಕೊಳ್ಳಿ.

ಟೆಸ್ಟ್ ಫೇಲಾದರೆ ವೋಲ್ಟೇಜ್ ಏರಿಸುತ್ತಾ ಹೋಗಬೇಡಿ. 2023ರಲ್ಲಿ ಕೆಲವು ರೈಜೆನ್ 7000 ಪ್ರೊಸೆಸರ್‌ಗಳು ಸುಟ್ಟುಹೋದ ಮೇಲೆ ಎಎಂಡಿ ಎಸ್‌ಒಸಿ ವೋಲ್ಟೇಜ್ (ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವ ವೋಲ್ಟೇಜ್) 1.3 ದಾಟದ ಹಾಗೆ ಬಯೋಸ್‌ನಲ್ಲೇ ಮಿತಿ ಹಾಕಿಸಿತು. ಮೊದಲು ಟೈಮಿಂಗ್ ಸಡಿಲ ಮಾಡಿ. ಆಗಲಿಲ್ಲವಾ, 5600ಕ್ಕೆ ಇಳಿಸಿ. 6000ಕ್ಕೂ 5600ಕ್ಕೂ ಇರುವ ವ್ಯತ್ಯಾಸ ದಿನದ ಕೆಲಸದಲ್ಲಿ ಕಣ್ಣಿಗೆ ಕಾಣೋದಿಲ್ಲ. ದೊಡ್ಡ ಕ್ಯಾಶ್ (ಪ್ರೊಸೆಸರ್ ಒಳಗಿನ ಮೆಮೊರಿ) ಇರುವ ಎಕ್ಸ್3ಡಿ ಪ್ರೊಸೆಸರ್‌ಗಳಲ್ಲಂತೂ ಗೇಮ್‌ನಲ್ಲೂ ಅಷ್ಟಾಗಿ ಗೊತ್ತಾಗೋದಿಲ್ಲ.

ಅಂಗಡಿಯವರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಶನಿವಾರ ಆ ಗಲ್ಲಿಯಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ, ಗಿರಾಕಿಗೂ ಅವತ್ತೇ ಮಷೀನ್ ಬೇಕು. ಆದರೆ ಶಟರ್ ಎಳೆದ ಮೇಲೆ ರಾತ್ರಿ ಪೂರ್ತಿ ಟೇಬಲ್ ಖಾಲಿ ಇರುತ್ತದೆ. ಒಂದು ಮಷೀನ್ ಎಂಟು ಗಂಟೆ ಮೆಮೊರಿ ಟೆಸ್ಟ್ ಮಾಡಿದರೆ ಖರ್ಚಾಗೋದು ಒಂದು ಯೂನಿಟ್ ಚಿಲ್ಲರೆ ಕರೆಂಟ್. ಅದಕ್ಕೆ ಚಾರ್ಜ್ ಹಾಕಿದರೂ ನಾನು ಕೊಡುತ್ತೇನೆ. ಬಿಲ್ ಜೊತೆ ಟೆಸ್ಟ್ ಪರದೆಯ ಒಂದು ಫೋಟೋ ವಾಟ್ಸಾಪ್ ಮಾಡಿ, ಯಾವ ಸ್ಪೀಡ್, ಎಷ್ಟು ಗಂಟೆ, ಎಷ್ಟು ಎರರ್ ಅಂತ ಕಾಣೋ ಹಾಗೆ. ನಾನಂತೂ ಯಾರಿಗೆ ಮಷೀನ್ ಕಟ್ಟಿಸಿಕೊಡೋಕೆ ಹೋದರೂ ಅಡ್ವಾನ್ಸ್ ಕೊಡುವಾಗಲೇ ಹೇಳಿಬಿಡುತ್ತೇನೆ, ಇವತ್ತು ಬೇಡ, ಟೆಸ್ಟ್‌ಗೆ ಹಾಕಿ ಹೋಗಿ, ನಾಳೆ ಬಂದು ತಗೋತೀವಿ ಅಂತ. ಒಪ್ಪದ ಅಂಗಡಿಯಾದರೆ ಪಕ್ಕದ ಅಂಗಡಿಗೆ ಹೋಗುತ್ತೇನೆ.