ಮೇಷ್ಟ್ರು ಹೇಳಬೇಕಾ, ಬೇಡವಾ?

"ಹೆಂಡತಿಗೆ ಹುಷಾರಿರಲಿಲ್ಲ, ಅದಕ್ಕೇ ನಿನ್ನೆ ರಜೆ ಹಾಕಿದ್ದೆ" ಅಂತ ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದೇ ಮಾತನ್ನು ಗೇ ಮೇಷ್ಟ್ರೊಬ್ಬರು ತಮ್ಮ ಸಂಗಾತಿಯ ಬಗ್ಗೆ ಹೇಳಲಿ ನೋಡೋಣ. ಸಂಜೆಯೊಳಗೆ ಪೋಷಕರ ಫೋನ್ ಬರುತ್ತದೆ. "ಸ್ವಂತ ವಿಷಯ ಶಾಲೆಗೆ ಯಾಕೆ ತರ್ತೀರಿ" ಅನ್ನುವ ಪ್ರಶ್ನೆ ಒಬ್ಬರಿಗೆ ಮಾತ್ರ ಯಾಕೆ? ಮನೆಯಲ್ಲಿ ಯಾರಿದ್ದಾರೆ ಅಂತ ಹೇಳುವುದು ಲೈಂಗಿಕತೆಯ ಪಾಠವಲ್ಲ. ಎಷ್ಟು ಹೇಳಬೇಕು ಅನ್ನುವುದು ಮಕ್ಕಳ ವಯಸ್ಸಿನ ಮೇಲೆ ಹೋಗುತ್ತದೆ, ನಿಜ. ಆದರೆ ಆ ಅಳತೆ ಎಲ್ಲ ಟೀಚರಿಗೂ ಒಂದೇ ಇರಬೇಕು.

ಸುಮ್ಮನಿದ್ದರೆ ಆಯ್ತಲ್ಲ ಅನ್ನುತ್ತಾರೆ. ಸುಮ್ಮನಿರುವುದು ಅಷ್ಟು ಸುಲಭವಲ್ಲ. "ಸರ್, ನೀವ್ಯಾಕೆ ಮದುವೆ ಆಗಿಲ್ಲ?" ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಪ್ರತಿ ಸಲ ಒಂದು ಸುಳ್ಳು ರೆಡಿ ಇರಬೇಕು. ಅದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಬೇರೆ. ಕ್ಲಾಸಿನಲ್ಲಿ ಒಬ್ಬ ಹುಡುಗನನ್ನು "ಹೆಣ್ಣಿಗ" ಅಂತ ಎಲ್ಲರೂ ಆಡಿಕೊಳ್ಳುತ್ತಿರುತ್ತಾರೆ. ಅವನ ನೋವು ಆ ಮೇಷ್ಟ್ರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ಅವನ ಪರ ನಿಂತರೆ ತನ್ನ ಮೇಲೆ ಅನುಮಾನ ಬರುತ್ತದೆ ಅನ್ನುವ ಭಯ. ಪುಸ್ತಕ ನೋಡುತ್ತಾ ನಿಂತುಬಿಡುತ್ತಾರೆ. ಮೇಷ್ಟ್ರಿಗೆ ಕೇಳಿಸಿದ್ದೂ ಗೊತ್ತು, ಅವರು ಸುಮ್ಮನಿದ್ದದ್ದೂ ಗೊತ್ತು ಆ ಹುಡುಗನಿಗೆ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. 1978ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗೇ, ಲೆಸ್ಬಿಯನ್ ಶಿಕ್ಷಕರನ್ನು ಸರ್ಕಾರಿ ಶಾಲೆಗಳಿಂದ ತೆಗೆಯಲು ದಾರಿ ಮಾಡುವ ಪ್ರಸ್ತಾವ ಮತಕ್ಕೆ ಬಂದಿತ್ತು. ಜನ ಅದನ್ನು ಸೋಲಿಸಿದರು. ಬ್ರಿಟನ್ನಿನಲ್ಲಿ 1988ರಲ್ಲಿ ಸೆಕ್ಷನ್ 28 ಅನ್ನುವ ಕಾನೂನು ಬಂತು. ಸ್ಥಳೀಯ ಆಡಳಿತಗಳು ಸಲಿಂಗ ಪ್ರೇಮವನ್ನು "ಉತ್ತೇಜಿಸಬಾರದು" ಅನ್ನುವುದು ಅದರ ಸಾರ. ಅದು ಶಿಕ್ಷಕರ ಮೇಲೆ ನೇರವಾಗಿ ಹೇರಿದ ಕಾನೂನೇ ಅಲ್ಲ. ಆದರೂ ಎಷ್ಟೋ ಶಿಕ್ಷಕರು ಕೆಲಸ ಹೋಗುತ್ತದೆ ಅಂತ ಬಾಯಿ ಬಿಡಲಿಲ್ಲ. ಪೀಡನೆಗೆ ಒಳಗಾದ ಮಕ್ಕಳಿಗೆ ಸಮಾಧಾನ ಹೇಳಲೂ ಹೆದರಿದರು. ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ಅದು ರದ್ದಾಯಿತು.

ಹಾಗಂತ "ಧೈರ್ಯ ಮಾಡಿ ಹೇಳಿಬಿಡಿ, ಮಕ್ಕಳಿಗೆ ಮಾದರಿಯಾಗಿ" ಅಂತ ಒತ್ತಾಯ ಮಾಡುವವರನ್ನೂ ನಾನು ಒಪ್ಪುವುದಿಲ್ಲ. ಸಂಬಳ ಅವರದ್ದು, ಮನೆ ಅವರದ್ದು, ಪೆಟ್ಟು ತಿನ್ನುವವರೂ ಅವರೇ. ಮನೆಯವರಿಗೇ ಇನ್ನೂ ಹೇಳದವರು ಕ್ಲಾಸಿಗೆ ಹೇಗೆ ಹೇಳುತ್ತಾರೆ? ಹೇಳದೆ ಇರುವುದು ಹೇಡಿತನ ಅಲ್ಲವೇ ಅಲ್ಲ. ಇನ್ನೊಬ್ಬರು ಅವರ ಬಗ್ಗೆ ಗುಟ್ಟು ರಟ್ಟು ಮಾಡುವುದಂತೂ ಕ್ರೌರ್ಯ.

ಧೈರ್ಯ ಬೇಕಿರುವುದು ಹೆಡ್‌ಮಾಸ್ಟರಿಗೆ, ಆಡಳಿತ ಮಂಡಳಿಗೆ. ಯಾರೂ ಏನೂ ಹೇಳಿಕೊಳ್ಳುವ ಮೊದಲೇ ಸ್ಟಾಫ್ ಮೀಟಿಂಗಿನಲ್ಲಿ ಅವರು ಒಂದು ಮಾತು ಹೇಳಲಿ: ಪಾಠದ ಬಗ್ಗೆ ದೂರು ಬಂದರೆ ವಿಚಾರಿಸುತ್ತೇವೆ, ಟೀಚರ್ ಯಾರನ್ನು ಪ್ರೀತಿಸುತ್ತಾರೆ ಅನ್ನುವ ದೂರನ್ನು ತೆಗೆದುಕೊಳ್ಳುವುದೇ ಇಲ್ಲ.